ಚಾರ್ಮ್ ಪ್ಯಾಕಿನಿಂದ ಟೇಬಲ್ ರನ್ನರ್: ಕತ್ತರಿಸುವ ಕೆಲಸ ತಪ್ಪಿತು, ಕಾಲು ಇಂಚು ಉಳಿದೇ ಇದೆ

ಐದು ಇಂಚಿನ ಚೌಕಗಳಾಗಿ ಮೊದಲೇ ಕತ್ತರಿಸಿ ಕಟ್ಟಿಟ್ಟ ಕಾಟನ್ ಬಟ್ಟೆಗೆ ಚಾರ್ಮ್ ಪ್ಯಾಕ್ ಅನ್ನುತ್ತಾರೆ. ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಬಣ್ಣ ನೋಡಿ ಆಸೆಯಾಗಿ ತರಿಸಿಕೊಳ್ಳುತ್ತೇವೆ. ಆಮೇಲೆ ಏನು ಮಾಡುವುದು ಗೊತ್ತಾಗದೆ ಅದು ಕಪಾಟಿನಲ್ಲೇ ಕೂರುತ್ತದೆ. ಹಾಸಿಗೆಯಗಲದ ಕ್ವಿಲ್ಟ್‌ಗೆ ಒಂದು ಪ್ಯಾಕ್ ಸಾಲದು, ಕರ್ಚೀಫಿಗೆ ಜಾಸ್ತಿಯಾಯಿತು. ಊಟದ ಮೇಜಿನ ನಡುವೆ ಹಾಸುವ ರನ್ನರ್‌ಗೆ ಮಾತ್ರ ಹೇಳಿ ಮಾಡಿಸಿದ ಹಾಗೆ ಸರಿಹೋಗುತ್ತದೆ.

ಇಲ್ಲಿ ಹೇಳುತ್ತಿರುವುದು ತೀರಾ ಸರಳವಾದ ವಿನ್ಯಾಸ. ಬರೀ ಚೌಕಗಳು. ತ್ರಿಕೋನವಿಲ್ಲ, ನಕ್ಷತ್ರವಿಲ್ಲ. ಉಷಾ, ಮೆರಿಟ್‌ನಂಥ ಸಾದಾ ಮೆಷಿನ್ ಇದ್ದರೆ ಸಾಕು. ನೇರವಾಗಿ ಹೊಲಿಯುವುದು ಬಂದರೆ ಸಾಕು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಟ್ಟೆ ಕತ್ತರಿಸಿಯೇ ಬಂದಿದೆ, ಇನ್ನೇನು ಕಷ್ಟ ಅಂತ ಅನ್ನಿಸುತ್ತದೆ ಅಲ್ವಾ? ಕತ್ತರಿಸುವ ಬೇಸರ ತಪ್ಪುತ್ತದೆ, ನಿಜ. ಅಳತೆ ಕೆಡುವುದು ಅಲ್ಲಿಗಿಂತ ಜಾಸ್ತಿ ಹೊಲಿಗೆಯ ಮಾರ್ಜಿನ್‌ನಲ್ಲಿ, ಅಂದರೆ ಹೊಲಿಗೆಗೂ ಬಟ್ಟೆಯ ಅಂಚಿಗೂ ನಡುವೆ ಬಿಡುವ ಜಾಗದಲ್ಲಿ. ಅದಕ್ಕೇ ಈ ಬರಹದಲ್ಲಿ ಮಾರ್ಜಿನ್‌ಗೂ ಇಸ್ತ್ರಿಗೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಲೆಕ್ಕ ಮೊದಲು

ಅಮೆರಿಕದ ಮೋಡಾ ಕಂಪನಿಯ ಚಾರ್ಮ್ ಪ್ಯಾಕಿನಲ್ಲಿ ಸಾಮಾನ್ಯವಾಗಿ 42 ಚೌಕಗಳಿರುತ್ತವೆ. ನಮ್ಮಲ್ಲಿ ಮಾರುವ ಪ್ಯಾಕ್‌ಗಳಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಕೊಳ್ಳುವ ಮುಂಚೆ ಎಷ್ಟು ತುಂಡು ಅಂತ ನೋಡಿಕೊಳ್ಳಿ. ನಮಗೆ ಬೇಕಾಗಿರುವುದು 36. ಜೊತೆಗೆ ಪರೀಕ್ಷೆಗೆ ಮೂರು ಇದ್ದರೆ ಒಳ್ಳೆಯದು.

ಅಗಲಕ್ಕೆ 3 ಚೌಕ, ಉದ್ದಕ್ಕೆ 12 ಚೌಕ. ಪ್ರತಿ ಚೌಕ 5 ಇಂಚು. ಎರಡೂ ಕಡೆ ಕಾಲು ಕಾಲು ಇಂಚು ಹೊಲಿಗೆಯೊಳಗೆ ಹೋದರೆ ಕಣ್ಣಿಗೆ ಕಾಣುವುದು ನಾಲ್ಕೂವರೆ ಇಂಚು. ಹಾಗಾಗಿ ರನ್ನರ್ ಮುಗಿದಾಗ ಚೌಕಗಳ ಭಾಗ ಅಗಲ 13.5 ಇಂಚು, ಉದ್ದ 54 ಇಂಚು ಬರಬೇಕು. ಐದಡಿ ಉದ್ದದ ಮೇಜಿನ ಮೇಲೆ ಇದು ಎರಡೂ ತುದಿಯಲ್ಲಿ ಮೂರು ಮೂರು ಇಂಚು ಬಿಟ್ಟು ಕೂರುತ್ತದೆ. ನಾಲ್ಕಡಿ ಮೇಜಾದರೆ ಎರಡೂ ಕಡೆ ಮೂರು ಮೂರು ಇಂಚು ಇಳಿಬೀಳುತ್ತದೆ. ಎರಡೂ ಚೆಂದವೇ. ಇನ್ನೂ ಉದ್ದ ಬೇಕೆನ್ನುವವರು ಒಂದೊಂದು ಸಾಲು ಸೇರಿಸಿದ ಹಾಗೂ 3 ಚೌಕ ಜಾಸ್ತಿ ಇಟ್ಟುಕೊಳ್ಳಿ, ಉದ್ದ ನಾಲ್ಕೂವರೆ ಇಂಚು ಬೆಳೆಯುತ್ತದೆ.

ಹಿಂಬದಿಗೆ ಮತ್ತು ಅಂಚಿನ ಪಟ್ಟಿಗೆ 44 ಇಂಚು ಪನ್ನದ ಕಾಟನ್ ಒಂದೂವರೆ ಮೀಟರ್ ತನ್ನಿ. ಎರಡಕ್ಕೂ ಅದೇ ಬಟ್ಟೆ ಸಾಕಾಗುತ್ತದೆ. ಹೇಗೆ ಅಂದರೆ, ಪನ್ನದ ಉದ್ದಕ್ಕೆ 18 ಇಂಚು ಅಗಲದ ಎರಡು ಪಟ್ಟಿ ಹಿಂಬದಿಗೆ, ಎರಡೂವರೆ ಇಂಚು ಅಗಲದ ನಾಲ್ಕು ಪಟ್ಟಿ ಅಂಚಿಗೆ. ಒಟ್ಟು 46 ಇಂಚು. ಒಂದೂವರೆ ಮೀಟರ್ ಅಂದರೆ 59 ಇಂಚು, ಬಟ್ಟೆ ಸ್ವಲ್ಪ ಕುಗ್ಗಿದರೂ ಯೋಚನೆಯಿಲ್ಲ.

ಮೇಲಿನ ಬಟ್ಟೆಗೂ ಹಿಂಬದಿಗೂ ಮಧ್ಯದ ಪದರಕ್ಕೆ ಬ್ಯಾಟಿಂಗ್, ಅಂದರೆ ಒಳಗೆ ಹಾಸುವ ಮೆತ್ತನೆಯ ಹಾಳೆ, ಬೇಕು. 18 ಇಂಚು ಅಗಲ, 59 ಇಂಚು ಉದ್ದ. ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದು ಪಾಲಿಯೆಸ್ಟರ್ ಹಾಳೆ. ಅದರಲ್ಲಿ ದಪ್ಪನೆಯದು ಮೇಜಿಗೆ ಬೇಡವೇ ಬೇಡ. ಉಬ್ಬುತ್ತದೆ, ಲೋಟ ವಾಲುತ್ತದೆ. ಬಿಸಿ ಪಾತ್ರೆ ಇಟ್ಟರೆ ಪಾಲಿಯೆಸ್ಟರ್ ಕರಗುವ ಭಯವೂ ಇದೆ. ತೆಳ್ಳನೆಯ ಕಾಟನ್ ಬ್ಯಾಟಿಂಗ್ ಸಿಕ್ಕರೆ ಅದೇ ಮೇಲು. ಸಿಗದಿದ್ದರೆ ಹಳೆಯ ಫ್ಲಾನೆಲ್ ಬೆಡ್‌ಶೀಟ್, ಸವೆದು ಮೆತ್ತಗಾದ ತೆಳು ಹೊದಿಕೆ, ಎರಡು ಪದರ ಹಳೇ ಕಾಟನ್ ಸೀರೆ, ಯಾವುದಾದರೂ ನಡೆಯುತ್ತದೆ. ಉತ್ತರ ಕರ್ನಾಟಕದ ಕೌದಿಯೊಳಗೆ ಇರುವುದೂ ಅದೇ ತಾನೇ? ಹಳೇ ಸೀರೆ, ಧೋತರ, ಪದರದ ಮೇಲೆ ಪದರ. ಬ್ಯಾಟಿಂಗ್ ಅಂತ ಅಂಗಡಿಯಿಂದ ಯಾರೂ ತಂದವರಲ್ಲ.

ಉಳಿದ ಸಾಮಾನು ಮನೆಯಲ್ಲೇ ಇರುತ್ತದೆ. ಇಸ್ತ್ರಿ ಪೆಟ್ಟಿಗೆ, ಗುಂಡುಪಿನ್ನು, ಮೂವತ್ತು ನಲವತ್ತು ಸೇಫ್ಟಿ ಪಿನ್ನು, ಟೈಲರ್ ಚಾಕ್‌ಪೀಸು, ಉದ್ದನೆಯ ಸ್ಕೇಲು, ಮಾಸ್ಕಿಂಗ್ ಟೇಪು. ರೋಟರಿ ಕಟರ್ (ಉರುಳಿಸಿ ಕತ್ತರಿಸುವ ದುಂಡು ಬ್ಲೇಡು), ಅದರ ಮ್ಯಾಟು ಇದ್ದರೆ ಕೊನೆಯಲ್ಲಿ ಅಂಚು ಸವರಲು ಸುಖ. ಇಲ್ಲದಿದ್ದರೆ ಗೆರೆ ಎಳೆದು ಹರಿತವಾದ ಕತ್ತರಿಯಲ್ಲಿ ಕತ್ತರಿಸಿ. ಇದೊಂದು ರನ್ನರ್‌ಗೋಸ್ಕರ ಅದನ್ನೆಲ್ಲ ಕೊಳ್ಳಬೇಡಿ. ಹೊಸ ಸೂಜಿಗೆ ಮಾತ್ರ ಜಿಪುಣತನ ಮಾಡಬೇಡಿ. 14ನೇ ನಂಬರ್ ಸೂಜಿ ಜೋಡಿಸುವುದಕ್ಕೂ ಆಗುತ್ತದೆ, ಮೂರು ಪದರ ಹೊಲಿಯುವುದಕ್ಕೂ ಆಗುತ್ತದೆ.

ಪ್ಯಾಕ್ ಇಲ್ಲದವರು ಏನು ಮಾಡಬೇಕು

ಮನೆಯಲ್ಲಿ ರವಿಕೆ ಹೊಲಿದು ಉಳಿದ ತುಂಡುಗಳಿಂದಲೇ ಚೌಕ ಮಾಡಿಕೊಳ್ಳಬಹುದು. 12 ಬಗೆಯ ಬಟ್ಟೆ ಆರಿಸಿ. ಪ್ರತಿಯೊಂದರಿಂದ 5 ಇಂಚು ಅಗಲ, 15 ಇಂಚು ಉದ್ದದ ತುಂಡು ಸಿಕ್ಕರೆ ಮೂರು ಚೌಕ ಬಂದವು. ಅಷ್ಟೇ ಬೇಕಾಗಿರುವುದು. ಎಲ್ಲವೂ ಕಾಟನ್ ಆಗಿರಲಿ, ದಪ್ಪವೂ ಹೆಚ್ಚುಕಡಿಮೆ ಒಂದೇ ಇರಲಿ. ಸಂಶಯವಿದ್ದರೆ ಒಂದೆಳೆ ದಾರ ಕಿತ್ತು ಬೆಂಕಿ ತೋರಿಸಿ. ಕಾಟನ್ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಗುಳೇದಗುಡ್ಡದ ಖಣದ ತುಂಡುಗಳನ್ನು ನಡುನಡುವೆ ಹಾಕಿದರೆ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಅದರ ಎಳೆ ಬೇಗ ಬಿಡುತ್ತದೆ. ಹಿಂದೆ ತೆಳುವಾದ ಕ್ಯಾನ್ವಾಸ್ ಇಸ್ತ್ರಿ ಮಾಡಿ ಅಂಟಿಸಿಕೊಂಡು ಆಮೇಲೆ ಕತ್ತರಿಸಿ.

ಪ್ಯಾಕಿನ ಚೌಕಗಳನ್ನು ತೊಳೆಯಬೇಡಿ. ಇಷ್ಟು ಚಿಕ್ಕ ತುಂಡು ನೀರಿಗೆ ಬಿದ್ದರೆ ಅಂಚು ಬಿಡುತ್ತದೆ, ಸೊಟ್ಟಗಾಗುತ್ತದೆ, ಒಂದೊಂದು ಒಂದೊಂದು ಅಳತೆಗೆ ಕುಗ್ಗುತ್ತದೆ. ಕಡುಗೆಂಪು, ನೀಲಿ, ಕಪ್ಪು ಬಣ್ಣದ ಮೇಲೆ ಮಾತ್ರ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಆ ಚೌಕವನ್ನು ಬದಿಗಿಡಿ. 42ರಲ್ಲಿ ಆರು ಹೇಗೂ ಉಳಿಯುತ್ತವೆ. ಹಿಂಬದಿಯ ಬಟ್ಟೆ ಕೈಮಗ್ಗದ್ದೋ ಇಂಡಿಗೋ ಬಣ್ಣದ್ದೋ ಆಗಿದ್ದರೆ ಅದನ್ನು ಒಮ್ಮೆ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿಕೊಳ್ಳಿ. ಮಿಲ್ಲಿನ ಸಾದಾ ಕಾಟನ್ ಆದರೆ ಹಾಗೇ ಬಳಸುವುದೇ ನನಗೆ ಇಷ್ಟ. ಮೇಲಿನದೂ ಕೆಳಗಿನದೂ ಮೊದಲ ಒಗೆತಕ್ಕೆ ಒಟ್ಟಿಗೇ ಕುಗ್ಗುತ್ತವೆ.

ಜೋಡಣೆ: ನೆಲದ ಮೇಲೆ ಹರಡಿ ನೋಡಿ

36 ಚೌಕಗಳನ್ನು ನೆಲದ ಮೇಲೆ 3 ಅಗಲ, 12 ಉದ್ದಕ್ಕೆ ಹರಡಿ. ಪ್ಯಾಕಿನ ಬಣ್ಣಗಳು ಒಂದಕ್ಕೊಂದು ಹೊಂದುವ ಹಾಗೇ ಬಂದಿರುತ್ತವೆ. ನಿಮ್ಮ ಕೆಲಸ ತಿಳಿ ಬಣ್ಣ, ಗಾಢ ಬಣ್ಣ ಒಂದೇ ಕಡೆ ಗುಂಪಾಗದ ಹಾಗೆ ನೋಡಿಕೊಳ್ಳುವುದು. ಇದಕ್ಕೆ ಸುಲಭ ಉಪಾಯ: ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಎಲ್ಲಿ ಕಪ್ಪು ಒತ್ತಾಗಿದೆ, ಎಲ್ಲಿ ಬಿಳುಪು ತೂತಿನ ಹಾಗೆ ಕಾಣುತ್ತಿದೆ ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಬಣ್ಣದಲ್ಲಿ ನೋಡುವಾಗ ಕಣ್ಣು ಮೋಸ ಹೋಗುತ್ತದೆ.

ತೀರಾ ಬಿಳಿಯ ಚೌಕಗಳನ್ನು ಎರಡು ತುದಿಗೆ ತಳ್ಳಿ. ಸಾರಿನ ಪಾತ್ರೆ, ಹುಳಿ, ಉಪ್ಪಿನಕಾಯಿ ಎಲ್ಲ ಕೂರುವುದು ಮೇಜಿನ ನಡುವೆ. ಅಲ್ಲಿ ಹೂವಿನ ಗಿಜಿಗಿಜಿ ಪ್ರಿಂಟು ಇದ್ದರೆ ನಿಮಗೇ ನೆಮ್ಮದಿ.

ಇಷ್ಟವಾದ ಮೇಲೆ ಇನ್ನೊಂದು ಫೋಟೋ ತೆಗೆದಿಡಿ. ಆಮೇಲೆ ಅಗಲದ ಮೂರು ಮೂರು ಚೌಕಗಳನ್ನು ಒಂದರ ಮೇಲೊಂದು ಇಟ್ಟು, 1ರಿಂದ 12ರವರೆಗೆ ನಂಬರ್ ಬರೆದ ಚೀಟಿ ಪಿನ್ನು ಮಾಡಿ. ಮೇಲಿನ ಚೌಕ ಯಾವಾಗಲೂ ಮೇಲೇ ಇರಲಿ. ಚೀಟಿ ಚುಚ್ಚಲು ಬೇಜಾರು ಅನ್ನಿಸಬಹುದು. ಫ್ಯಾನ್ ಗಾಳಿಗೋ ಮನೆಯ ಮಗುವಿನ ಕೈಗೋ ಸಿಕ್ಕಿ ಎಲ್ಲ ಕಲೆಸಿಹೋದಾಗ ಬೇಜಾರು ಇನ್ನೂ ಜಾಸ್ತಿ.

ಕಾಲು ಇಂಚು

ರವಿಕೆ, ಚೂಡಿದಾರ ಹೊಲಿದು ರೂಢಿಯಿರುವವರಿಗೆ ಈ ಕಾಲು ಇಂಚೇ ತೊಡಕು. ಅಲ್ಲಿ ಮಾರ್ಜಿನ್ ಧಾರಾಳವಾಗಿ ಬಿಡುತ್ತೇವೆ. ಮುಂದೆ ಬಿಚ್ಚಿ ದೊಡ್ಡದು ಮಾಡಲು ಬೇಕಲ್ಲ. ಸ್ವಲ್ಪ ಆಚೀಚೆ ಆದರೂ ಮೈಮೇಲೆ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ಪ್ರತಿ ಹೊಲಿಗೆಯಲ್ಲಿ ಇಂಚಿನ ಹದಿನಾರನೇ ಒಂದು ಭಾಗ ಒಳಗೆ ಹೋಯಿತು ಅಂದುಕೊಳ್ಳಿ. ಎರಡು ಬಟ್ಟೆಗೆ ಸೇರಿ ಎಂಟನೇ ಒಂದು ಭಾಗವಾಯಿತು. ಉದ್ದಕ್ಕೆ 11 ಹೊಲಿಗೆ ಇವೆ. ಕೊನೆಗೆ ರನ್ನರ್ ಒಂದೂಕಾಲು ಇಂಚಿಗಿಂತಲೂ ಜಾಸ್ತಿ ಗಿಡ್ಡ! ಗಿಡ್ಡವಾದರೆ ಪರವಾಗಿಲ್ಲ, ಮೇಜು ಕೇಳುವುದಿಲ್ಲ. ಒಂದು ಹೊಲಿಗೆ ಜಾಸ್ತಿ, ಇನ್ನೊಂದು ಕಮ್ಮಿ ಆದಾಗ ಚೌಕಗಳ ಮೂಲೆಗಳು ಒಂದಕ್ಕೊಂದು ಕೂರುವುದಿಲ್ಲ. ಅದು ಎದ್ದು ಕಾಣುತ್ತದೆ.

ಮೆಷಿನ್ನಿನ ಫೂಟಿನ ಬಲ ಅಂಚು ಕಾಲು ಇಂಚೇ ಇರುತ್ತದೆ ಅಂತ ನಂಬಬೇಡಿ. ಹೀಗೆ ಮಾಡಿ. ಸ್ಕೇಲನ್ನು ಫೂಟಿನ ಕೆಳಗೆ ಸರಿಸಿ. ಗಾಲಿಯನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ, ಸೂಜಿಯ ಮೊನೆ ಸ್ಕೇಲಿನ ಕಾಲು ಇಂಚಿನ ಗೆರೆಯ ಮೇಲೆ ಸುಮ್ನೆ ತಾಗುವಷ್ಟು ಇಳಿಸಿ. ಈಗ ಸ್ಕೇಲಿನ ಬಲ ಅಂಚಿಗೆ ಒತ್ತಿಕೊಂಡು ಮೆಷಿನ್ನಿನ ತಟ್ಟೆಯ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ. ಒಂದರ ಮೇಲೊಂದು ಐದಾರು ಪದರ ಅಂಟಿಸಿದರೆ ಸಣ್ಣ ಗೋಡೆಯಾಗುತ್ತದೆ. ಬಟ್ಟೆಯ ಅಂಚು ಆ ಗೋಡೆಗೆ ಒರಗಿಕೊಂಡೇ ಸಾಗಬೇಕು. ಬಾಬಿನ್ ತೆಗೆಯುವ ಮುಚ್ಚಳದ ಮೇಲೆ ಟೇಪು ಬಂದರೆ ಅಲ್ಲಿಗೆ ಕತ್ತರಿಸಿಬಿಡಿ, ಇಲ್ಲದಿದ್ದರೆ ಪ್ರತಿ ಸಲ ಕಿತ್ತು ಅಂಟಿಸಬೇಕಾಗುತ್ತದೆ.

ಈಗ ಪರೀಕ್ಷೆ. ಉಳಿದ ಆರರಲ್ಲಿ ಮೂರು ಚೌಕ ತೆಗೆದುಕೊಂಡು ಸಾಲಾಗಿ ಹೊಲಿಯಿರಿ. ಇಸ್ತ್ರಿ ಮಾಡಿ. ನಡುವಿನ ಚೌಕ ಅಳೆಯಿರಿ. ಸರಿಯಾಗಿ ನಾಲ್ಕೂವರೆ ಇಂಚು ಇದ್ದರೆ ಟೇಪು ಸರಿಯಾದ ಜಾಗದಲ್ಲಿದೆ. ಕಮ್ಮಿ ಬಂದರೆ ಟೇಪನ್ನು ಸೂಜಿಯ ಕಡೆಗೆ ಒಂದು ಕೂದಲೆಳೆಯಷ್ಟು ಸರಿಸಿ. ಜಾಸ್ತಿ ಬಂದರೆ ಆಚೆಗೆ. ಮತ್ತೆ ಹೊಲಿದು ನೋಡಿ. ಈ ಒಂದು ಕೆಲಸಕ್ಕೆ ಅರ್ಧ ಗಂಟೆ ಹಿಡಿದರೂ ನಷ್ಟವಿಲ್ಲ.

ಇನ್ನೊಂದು ತಕರಾರು ಇದೆ. ಪ್ಯಾಕಿನ ಚೌಕಗಳ ಅಂಚು ಹಲ್ಲುಹಲ್ಲಾಗಿ ಕತ್ತರಿಸಿರುತ್ತದೆ, ಎಳೆ ಬಿಡದಿರಲಿ ಅಂತ. ಐದು ಇಂಚು ಅನ್ನುವುದು ಹಲ್ಲಿನ ತುದಿಯಿಂದಲೋ, ಒಳಗಿನ ತಗ್ಗಿನಿಂದಲೋ? ತಯಾರಿಸುವವರೆಲ್ಲ ಒಂದೇ ಥರ ಮಾಡುವುದಿಲ್ಲ. ಒಂದು ಚೌಕ ಅಳೆದು ನೋಡಿ. ಸಾಮಾನ್ಯವಾಗಿ ತುದಿಯಿಂದ ತುದಿಗೆ ಐದು ಇಂಚು ಸಿಗುತ್ತದೆ. ಹಾಗಿದ್ದರೆ ಹಲ್ಲಿನ ತುದಿ ಟೇಪಿಗೆ ತಾಗಬೇಕು. ಹೊಲಿಯುವಾಗ ಒಮ್ಮೆ ತುದಿ, ಒಮ್ಮೆ ತಗ್ಗು ಅಂತ ಬದಲಾಯಿಸಬೇಡಿ. ಹಲ್ಲಿನಿಂದ ಉದುರುವ ನೂಲಿನ ಧೂಳು ಬಾಬಿನ್ ಕೇಸಿನೊಳಗೆ ಸೇರುತ್ತದೆ. ನಡುವೆ ಒಮ್ಮೆ ಬ್ರಷ್‌ನಿಂದ ತೆಗೆಯಿರಿ.

ಹೊಲಿದು ಸೇರಿಸುವುದು

ಹೊಲಿಗೆ ಇಂಚಿಗೆ 10ರಿಂದ 12 ಬರುವ ಹಾಗೆ ಇಟ್ಟುಕೊಳ್ಳಿ. 1ನೇ ಕಟ್ಟಿನ ಮೊದಲೆರಡು ಚೌಕಗಳನ್ನು ಸೀದಾ ಮಗ್ಗುಲು ಎದುರುಬದುರಾಗಿ ಇಟ್ಟು ಹೊಲಿಯಿರಿ. ತುದಿ ತಲುಪಿದಾಗ ದಾರ ಕತ್ತರಿಸಬೇಡಿ. ಒಂದೆರಡು ಹೊಲಿಗೆ ಖಾಲಿ ಓಡಿಸಿ 2ನೇ ಕಟ್ಟಿನ ಎರಡು ಚೌಕ ಕೊಡಿ. ಹೀಗೇ 12ನ್ನೂ ಸರಕ್ಕೆ ಸರ ಹೊಲಿಯುತ್ತ ಹೋಗಿ. ದಾರವೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಕೊನೆಗೆ ಎಲ್ಲ ಬಿಡಿಸಿ, ಇದೇ ರೀತಿ ಮೂರನೇ ಚೌಕ ಸೇರಿಸಿ. 12 ಪಟ್ಟಿ ಸಿದ್ಧ.

ಈಗ ಇಸ್ತ್ರಿ. ಅಂಗಿಗೆ ಮಾಡುವ ಹಾಗೆ ಪೆಟ್ಟಿಗೆಯನ್ನು ಹಿಂದೆ ಮುಂದೆ ಉಜ್ಜಬೇಡಿ. ಬಟ್ಟೆ ಹಿಗ್ಗುತ್ತದೆ. ಪೆಟ್ಟಿಗೆ ಇಡಿ, ಒತ್ತಿ, ಎತ್ತಿ, ಪಕ್ಕಕ್ಕಿಡಿ. ಮೊದಲು ಹೊಲಿಗೆಯ ಮೇಲೆ ಹಾಗೇ ಒಮ್ಮೆ ಒತ್ತಿ, ಆಮೇಲೆ ಬಿಡಿಸಿ ಸೀದಾ ಕಡೆಯಿಂದ ಒತ್ತಿ. ಮಡಿಕೆ ಯಾವ ಕಡೆ ಬೀಳಬೇಕು ಅನ್ನುವುದು ಮುಖ್ಯ. 1, 3, 5ನೇ ಪಟ್ಟಿಗಳಲ್ಲಿ ಮಾರ್ಜಿನ್ ಮೇಲ್ಮುಖವಾಗಿ ಮಲಗಲಿ. 2, 4, 6ನೇ ಪಟ್ಟಿಗಳಲ್ಲಿ ಕೆಳಮುಖವಾಗಿ. 12ರವರೆಗೂ ಹಾಗೇ.

ಪಟ್ಟಿಗೆ ಪಟ್ಟಿ ಜೋಡಿಸುವಾಗ ಇದರ ಫಲ ಸಿಗುತ್ತದೆ. ಒಂದರ ಮಾರ್ಜಿನ್ ಮೇಲೆ, ಇನ್ನೊಂದರದು ಕೆಳಗೆ ಇರುವುದರಿಂದ ಎರಡೂ ಹೊಲಿಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬೆರಳಲ್ಲಿ ಆಚೀಚೆ ಸರಿಸಿ ನೋಡಿ, ಟಕ್ ಅಂತ ಕೂತ ಜಾಗ ಗೊತ್ತಾಗುತ್ತದೆ. ಅಲ್ಲೇ ಪಿನ್ನು ಚುಚ್ಚಿ. ಪಟ್ಟಿಗೆ ಎರಡೇ ಕೂಡುಜಾಗ, ಹಾಗಾಗಿ ಎರಡು ಪಿನ್ನು, ತುದಿಗಳಿಗೆ ಒಂದೊಂದು. ಪಿನ್ನಿನ ಮೇಲೆ ಹೊಲಿಯಬೇಡಿ. ಸೂಜಿ ಹತ್ತಿರ ಬಂದಾಗ ಕಿತ್ತುಬಿಡಿ.

ಹನ್ನೆರಡೂ ಪಟ್ಟಿಗಳನ್ನು ಒಂದರ ಹಿಂದೊಂದು ಸೇರಿಸುತ್ತ ಹೋದರೆ ಉದ್ದ ಬೆಳೆದ ಹಾಗೆ ಭಾರ ಎಳೆಯುತ್ತದೆ. ಅದಕ್ಕೆ ಎರಡೆರಡು ಸೇರಿಸಿ ಆರು ಮಾಡಿ, ಆರನ್ನು ಮೂರು ಮಾಡಿ, ಕೊನೆಗೆ ಮೂರನ್ನೂ ಕೂಡಿಸಿ. ಈ ಉದ್ದದ ಹೊಲಿಗೆಗಳ ಮಾರ್ಜಿನ್ ಎಲ್ಲ ಒಂದೇ ಕಡೆಗೆ ಒತ್ತಿ. ಮೇಲ್ಪದರ ಈಗ 14 ಇಂಚು ಅಗಲ, 54.5 ಇಂಚು ಉದ್ದ ಇರಬೇಕು. ಸುತ್ತಲೂ ಅಂಚಿನಿಂದ ಇಂಚಿನ ಎಂಟನೇ ಒಂದು ಭಾಗ ಒಳಗೆ ಒಂದು ಹೊಲಿಗೆ ಓಡಿಸಿಬಿಡಿ. ಚೌಕಗಳ ಹೊಲಿಗೆ ಅಂಚಿನಲ್ಲಿ ಬಿಟ್ಟುಕೊಳ್ಳುವುದು ಇದರಿಂದ ತಪ್ಪುತ್ತದೆ.

ಮೂರು ಪದರ

ಹಿಂಬದಿಯ ಬಟ್ಟೆ ಮಾಡಿಕೊಳ್ಳೋಣ. 18 ಇಂಚಿನ ಎರಡು ಪಟ್ಟಿಗಳ ಗಟ್ಟಿ ಕಿನಾರೆ ಕತ್ತರಿಸಿ ಎಸೆಯಿರಿ. ಒಂದು ಪೂರ್ತಿ ಪಟ್ಟಿಗೆ ಇನ್ನೊಂದರಿಂದ 17 ಇಂಚಿನ ತುಂಡು ಸೇರಿಸಿ. ಇಲ್ಲಿ ಮಾರ್ಜಿನ್ ಅರ್ಧ ಇಂಚು ಇರಲಿ, ಮಡಿಕೆ ಎರಡೂ ಕಡೆ ಬಿಡಿಸಿ ಇಸ್ತ್ರಿ ಮಾಡಿ. ಸರಿಯಾಗಿ ನಡುವೆ ಜೋಡಿಸದೆ ಹೀಗೆ ಬದಿಗೆ ತಂದರೆ, ಮೇಲಿನ ನಡು ಹೊಲಿಗೆಯ ಮೇಲೆ ಹಿಂದಿನ ಹೊಲಿಗೆ ಬಂದು ಗಂಟು ಕಟ್ಟುವುದಿಲ್ಲ.

ನೆಲ ಒರೆಸಿ. ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್, ಯಾವುದಾದರೂ ಸರಿ, ಟೇಪು ಚೆನ್ನಾಗಿ ಹಿಡಿಯುತ್ತದೆ. ಹಿಂಬದಿಯ ಬಟ್ಟೆಯನ್ನು ಉಲ್ಟಾ ಮಗ್ಗುಲು ಮೇಲೆ ಬರುವ ಹಾಗೆ ಹಾಸಿ, ಬಿಗಿಯಾಗಿ ಆದರೆ ಎಳೆದು ಹಿಗ್ಗಿಸದೆ ಸುತ್ತ ಟೇಪು ಹಚ್ಚಿ. ಅದರ ಮೇಲೆ ಬ್ಯಾಟಿಂಗ್. ಅದರ ಮೇಲೆ ಮೇಲ್ಪದರ, ಸೀದಾ ಮಗ್ಗುಲು ಮೇಲೆ. ಸುತ್ತಲೂ ಎರಡು ಇಂಚು ಕೆಳಗಿನ ಪದರಗಳು ಕಾಣಬೇಕು. ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರಿ. ಆಮೇಲೆ ನಡುವಿನಿಂದಲೇ ಶುರುಮಾಡಿ ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ನು ಹಾಕಿ. ಮೂಲೆಯಿಂದ ಮೂಲೆಗೆ ಹೊಲಿಗೆ ಬರುವ ಜಾಗ ಬಿಟ್ಟು ಚುಚ್ಚಿ. ಸೇಫ್ಟಿ ಪಿನ್ನು ಬೇಡವಾದರೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಬಹುದು. ನಿಧಾನ, ಆದರೆ ಪದರ ಒಂದಿಷ್ಟೂ ಜಾರುವುದಿಲ್ಲ.

ಕ್ವಿಲ್ಟಿಂಗ್

ಮೂರು ಪದರಗಳನ್ನು ಹಿಡಿದಿಡುವ ಹೊಲಿಗೆಯೇ ಕ್ವಿಲ್ಟಿಂಗ್. ಮೊದಲ ಸಲಕ್ಕೆ ಚೌಕಗಳ ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಲಿಯುವುದು ಒಳ್ಳೆಯದು. ಗೆರೆ ಎಳೆಯಬೇಕಾಗಿಲ್ಲ. ಉದ್ದ ಮಾಸ್ಕಿಂಗ್ ಟೇಪನ್ನು ಮೂಲೆಗಳ ಮೇಲೆ ಹಚ್ಚಿ, ಅದರ ಅಂಚಿಗೆ ಹೊಲಿದು, ಕಿತ್ತು ಮುಂದಿನ ಗೆರೆಗೆ ಹಚ್ಚಿದರಾಯಿತು. ಒಂದು ದಿಕ್ಕಿಗೆ 14 ಗೆರೆ, ಎದುರು ದಿಕ್ಕಿಗೆ 14. ಗೆರೆಯಿಂದ ಗೆರೆಗೆ ಮೂರಿಂಚು ಚಿಲ್ಲರೆ ಅಂತರ ಬರುತ್ತದೆ. ಬಹಳಷ್ಟು ಕಾಟನ್ ಬ್ಯಾಟಿಂಗ್‌ಗೆ ಇಷ್ಟು ಸಾಕು. ಬ್ಯಾಟಿಂಗ್ ಪ್ಯಾಕಿನ ಮೇಲೆ ಇದಕ್ಕಿಂತ ಹತ್ತಿರ ಹೊಲಿಯಿರಿ ಅಂತ ಬರೆದಿದ್ದರೆ ನಡುವೆ ಇನ್ನೊಂದೊಂದು ಗೆರೆ ಸೇರಿಸಿ.

ರನ್ನರ್‌ನ ನಡುಭಾಗದ ಗೆರೆಯಿಂದ ಶುರುಮಾಡಿ ತುದಿಗಳ ಕಡೆಗೆ ಹೋಗಿ. ಹೊಲಿಗೆ ಸ್ವಲ್ಪ ಉದ್ದ ಮಾಡಿ, ಇಂಚಿಗೆ 8ರಷ್ಟು. ಒಂದು ದಿಕ್ಕಿನ ಗೆರೆಗಳನ್ನೆಲ್ಲ ಒಂದೇ ಅಂಚಿನಿಂದ ಶುರುಮಾಡಿ. ಒಂದು ಮೇಲಿನಿಂದ, ಒಂದು ಕೆಳಗಿನಿಂದ ಹೊಲಿದರೆ ಬಟ್ಟೆ ಒಮ್ಮೆ ಆಚೆ ಒಮ್ಮೆ ಈಚೆ ಎಳೆದುಕೊಂಡು ಓರೆ ಸುಕ್ಕು ಬೀಳುತ್ತದೆ. ಬ್ಯಾಟಿಂಗ್ ಹೊರಚಾಚಿರುವ ಜಾಗದಲ್ಲೇ ಹೊಲಿಗೆ ಆರಂಭಿಸಿ, ಆಚೆ ಬದಿಯ ಬ್ಯಾಟಿಂಗ್ ಮೇಲೆ ನಿಲ್ಲಿಸಿ. ಗಂಟು, ಹಿಂದೆ ಮುಂದೆ ಹೊಲಿಗೆ ಏನೂ ಬೇಡ. ಮುಂದೆ ಅಂಚಿನ ಪಟ್ಟಿ ಅದನ್ನು ಹಿಡಿದುಕೊಳ್ಳುತ್ತದೆ.

ವಾಕಿಂಗ್ ಫೂಟ್ ಅನ್ನುವ ಜೋಡಣೆ ಇದ್ದರೆ ಮೇಲಿನ ಬಟ್ಟೆಯನ್ನೂ ಕೆಳಗಿನದನ್ನೂ ಒಟ್ಟಿಗೇ ಸಾಗಿಸುತ್ತದೆ. ಅದಿಲ್ಲ ಅಂತ ಕೈಬಿಡಬೇಡಿ. ಫೂಟಿನ ಒತ್ತಡದ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ. ಪಿನ್ನು ಇನ್ನಷ್ಟು ಒತ್ತಾಗಿ ಹಾಕಿ. ಎರಡೂ ಅಂಗೈಗಳನ್ನು ಸೂಜಿಯ ಆಚೀಚೆ ಚಪ್ಪಟೆಯಾಗಿಟ್ಟು ಬಟ್ಟೆಯನ್ನು ಹೋಗಲು ಬಿಡಿ. ತಳ್ಳಬೇಡಿ, ಎಳೆಯಲೂಬೇಡಿ. ಎರಡು ಬಾಬಿನ್ ಮೊದಲೇ ತುಂಬಿಸಿಟ್ಟುಕೊಳ್ಳಿ. ಪರೀಕ್ಷೆಗೆ ಹೊಲಿದ ಮೂರು ಚೌಕದ ತುಂಡಿನ ಮೇಲೆ ಮೊದಲು ಟೆನ್ಷನ್, ಅಂದರೆ ದಾರದ ಬಿಗಿ, ನೋಡಿಕೊಳ್ಳಿ. ಕೆಳಗಿನ ದಾರ ಮೇಲೆ ಚುಕ್ಕೆಯಾಗಿ ಇಣುಕಿದರೆ ಮೇಲಿನ ಟೆನ್ಷನ್ ಬಿಗಿಯಾಗಿದೆ ಅಂತ ಅರ್ಥ. ಸ್ವಲ್ಪ ಸಡಿಲಿಸಿ.

ಕೈಯಲ್ಲೇ ಹೊಲಿಯುತ್ತೇನೆ ಅನ್ನುವವರಿಗೆ ನನ್ನ ಪೂರ್ತಿ ಒಪ್ಪಿಗೆ. ದಪ್ಪ ಕಾಟನ್ ದಾರ, ಉದಾಹರಣೆಗೆ 8ನೇ ನಂಬರ್ ಪರ್ಲ್ ಕಾಟನ್, ಉದ್ದನೆಯ ಸೂಜಿ, ಕೌದಿಗೆ ಹಾಕುವಂಥ ನೇರ ರನ್ನಿಂಗ್ ಸ್ಟಿಚ್. ಹೊಲಿಗೆ ದೊಡ್ಡದಾದರೂ ಚೆಂದ, ಒಂದೇ ಸಮ ಇದ್ದರೆ ಸಾಕು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿ, ಕವಂದಿಯಲ್ಲಂತೂ ಈ ಹೊಲಿಗೆಯೇ ಎಲ್ಲ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಗೆ ಬರುತ್ತಾರೆ, ಬಟ್ಟೆಯ ತುಂಡುಗಳನ್ನು ಹೋಗ್ತಾ ಹೋಗ್ತಾ ಮಡಿಸಿ ಸೇರಿಸುತ್ತಾರೆ. ನಾವು ಇಲ್ಲಿ ಮೊದಲೇ ಮೇಲ್ಪದರ ಜೋಡಿಸಿಕೊಂಡಿರುವುದರಿಂದ ನಡುವಿನಿಂದ ಹೊರಗೆ ಹೋಗಬೇಕು. ಇಲ್ಲದಿದ್ದರೆ ಉಳಿದ ಬಟ್ಟೆಯೆಲ್ಲ ನಡುವೆ ಗುಪ್ಪೆಯಾಗುತ್ತದೆ.

ಅಂಚು ಕಟ್ಟುವುದು

ಸ್ಕೇಲು ಇಟ್ಟು ಮೇಲ್ಪದರದ ಅಂಚಿಗೆ ಸಮವಾಗಿ ಮೂರೂ ಪದರ ಕತ್ತರಿಸಿ. ಮೂಲೆಗಳು ಕಾಗದದ ಮೂಲೆಯಷ್ಟು ನೇರವಾಗಿರಲಿ.

ರವಿಕೆಯ ಕೊರಳಿಗೆ ಪೈಪಿಂಗ್ ಕೊಡಲು ಕ್ರಾಸ್ ಪೀಸ್ ಬೇಕು, ದುಂಡಗೆ ತಿರುಗಬೇಕಲ್ಲ. ಇಲ್ಲಿ ಎಲ್ಲ ನೇರ ಅಂಚು. ನೇರ ಎಳೆಯ ಪಟ್ಟಿಯೇ ಸಾಕು, ಬಟ್ಟೆ ದಂಡವಾಗುವುದಿಲ್ಲ. ಸುತ್ತಳತೆ 137 ಇಂಚು. ನಾಲ್ಕು ಪಟ್ಟಿಗಳನ್ನು ಓರೆಯಾಗಿ ಜೋಡಿಸಿ ಒಂದೇ ಉದ್ದ ಪಟ್ಟಿ ಮಾಡಿ. ಓರೆ ಜೋಡಣೆಯಿಂದ ದಪ್ಪ ಒಂದೇ ಕಡೆ ಸೇರುವುದಿಲ್ಲ. ಒಂದು ತುದಿಯನ್ನು ಓರೆಯಾಗಿ ಕತ್ತರಿಸಿ ಕಾಲು ಇಂಚು ಒಳಗೆ ಮಡಿಸಿ ಒತ್ತಿ. ಆಮೇಲೆ ಇಡೀ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಿಸಿ ಇಸ್ತ್ರಿ ಮಾಡಿ.

ರನ್ನರ್‌ನ ಉದ್ದ ಬದಿಯ ನಡುವೆಲ್ಲಾದರೂ, ಆ ಮಡಿಸಿದ ತುದಿಯಿಂದ ಶುರುಮಾಡಿ. ಪಟ್ಟಿಯ ತೆರೆದ ಅಂಚು ರನ್ನರ್‌ನ ಅಂಚಿಗೆ ಸಮ ಬರಲಿ, ಮಡಿಕೆ ಒಳಗಡೆ. ಮೊದಲ ಮೂರ್ನಾಲ್ಕು ಇಂಚು ಹೊಲಿಯದೆ ಬಿಟ್ಟು, ಕಾಲು ಇಂಚಿಗೆ ಹೊಲಿಯುತ್ತ ಹೋಗಿ.

ಮೂಲೆಯಲ್ಲಿ ಆತುರ ಬೇಡ. ಅಂಚಿಗೆ ಕಾಲು ಇಂಚು ಇದೆ ಅನ್ನುವಾಗ ನಿಲ್ಲಿಸಿ, ದಾರ ಗಟ್ಟಿ ಮಾಡಿ ಕತ್ತರಿಸಿ. ಪಟ್ಟಿಯನ್ನು ನಿಮ್ಮಿಂದ ದೂರಕ್ಕೆ ನೇರ ಮೇಲೆ ಮಡಿಸಿ, ಮೂಲೆಯಲ್ಲಿ ಓರೆ ಮಡಿಕೆ ಬೀಳುತ್ತದೆ. ಅದನ್ನು ಬೆರಳಲ್ಲಿ ಹಿಡಿದುಕೊಂಡೇ ಪಟ್ಟಿಯನ್ನು ಕೆಳಕ್ಕೆ ಮಡಿಸಿ ಹೊಸ ಅಂಚಿಗೆ ಸಮ ಮಾಡಿ. ಮೇಲಿನ ಮಡಿಕೆ ಹಿಂದಿನ ಅಂಚಿಗೆ ಸಮವಾಗಿರಬೇಕು. ಅಂಚಿನಿಂದಲೇ ಮತ್ತೆ ಹೊಲಿಗೆ ಶುರು. ಓದುವಾಗ ಗೊಂದಲ, ಕೈಯಲ್ಲಿ ಹಿಡಿದು ಮಾಡುವಾಗ ಅಷ್ಟಿಲ್ಲ. ಒಂದು ತುಂಡು ಬಟ್ಟೆಯಲ್ಲಿ ಮೊದಲು ಮಡಿಸಿ ನೋಡಿ. ನಾಲ್ಕೂ ಮೂಲೆ ಮುಗಿಸಿ ಶುರುಮಾಡಿದ ಜಾಗಕ್ಕೆ ಬಂದಾಗ, ಪಟ್ಟಿಯ ಕೊನೆಯನ್ನು ಒಂದಿಂಚು ಹೆಚ್ಚಾಗಿ ಕತ್ತರಿಸಿ ಮೊದಲ ತುದಿಯ ಮಡಿಕೆಯೊಳಗೆ ತೂರಿಸಿ ಹೊಲಿದುಬಿಡಿ.

ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ, ಹೊಲಿಗೆ ಮುಚ್ಚುವ ಹಾಗೆ ಮಡಿಕೆಯನ್ನು ಕೂರಿಸಿ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಸೂಜಿ ಹಿಂಬದಿಯ ಬಟ್ಟೆಗೂ ಬ್ಯಾಟಿಂಗ್‌ಗೂ ಮಾತ್ರ ತಾಗಬೇಕು, ಮುಂದೆ ಕಾಣಬಾರದು. ಮೆಷಿನ್ನಿನಲ್ಲೂ ಹೊಲಿಯಬಹುದು. ನನ್ನ ಅಭಿಪ್ರಾಯದಲ್ಲಿ ರನ್ನರ್‌ಗೆ ಕೈಹೊಲಿಗೆಯೇ ಒಪ್ಪುತ್ತದೆ. ಸೀರೆಗೆ ಫಾಲ್ ಹೊಲಿದು ಗೊತ್ತಿರುವವರಿಗೆ ಇದು ಸಂಜೆ ಟಿವಿ ನೋಡ್ತಾ ಮುಗಿಸುವ ಕೆಲಸ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಅಡ್ಡದಾರಿ ಇದೆ. ಅಂಚು ಸವರುವಾಗ ಮೇಲ್ಪದರವನ್ನೂ ಬ್ಯಾಟಿಂಗನ್ನೂ ಸಮ ಕತ್ತರಿಸಿ, ಹಿಂಬದಿಯ ಬಟ್ಟೆಯನ್ನು ಮಾತ್ರ ಒಂದು ಇಂಚು ಹೊರಗೆ ಬಿಡಿ. ಅದನ್ನು ಅರ್ಧ ಇಂಚು, ಮತ್ತೆ ಅರ್ಧ ಇಂಚು ಮಡಿಸಿ ಮುಂದಕ್ಕೆ ತಂದು ಮೆಷಿನ್ ಹೊಲಿಗೆ ಹಾಕಿ. ಆಗ ಕ್ವಿಲ್ಟಿಂಗ್ ಗೆರೆಗಳನ್ನು ಬ್ಯಾಟಿಂಗ್ ಆಚೆಗೆ ಓಡಿಸಬೇಡಿ. ಮೇಲ್ಪದರದ ಅಂಚಿನಲ್ಲೇ ನಿಲ್ಲಿಸಿ ಗಟ್ಟಿ ಮಾಡಿ.

ಒಗೆತ ಮತ್ತು ಅರಿಶಿನ

ಮೊದಲ ಒಗೆತ ತಣ್ಣೀರಿನಲ್ಲಿ, ಬೇರೆ ಬಟ್ಟೆ ಜೊತೆ ಹಾಕದೆ. ಹಿಂಡಬೇಡಿ. ದಪ್ಪ ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು ನೆರಳಿನಲ್ಲಿ ಹರಡಿ. ಕಾಟನ್ ಬ್ಯಾಟಿಂಗ್ ಇದ್ದರೆ ರನ್ನರ್ ಒಂದೆರಡು ಇಂಚು ಕುಗ್ಗಿ, ಹೊಲಿಗೆಯ ಸುತ್ತ ಸಣ್ಣ ಸಣ್ಣ ಸುಕ್ಕು ಬೀಳುತ್ತದೆ. ಇದು ದೋಷವಲ್ಲ. ಹೊಲಿಗೆಯ ಸಣ್ಣಪುಟ್ಟ ಸೊಟ್ಟುಗಳು ಈ ಸುಕ್ಕಿನಲ್ಲೇ ಮರೆಯಾಗುತ್ತವೆ.

ಸಾರು ಚೆಲ್ಲಿದರೆ ಉಜ್ಜಬೇಡಿ. ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಸೋಪು ಹಾಕಿದ ಕೂಡಲೇ ಅರಿಶಿನದ ಕಲೆ ಕೆಂಪಾಗುತ್ತದೆ, ಗಾಬರಿಯಾಗಬೇಡಿ. ಚೆನ್ನಾಗಿ ಜಾಲಿಸಿ, ಕಲೆಯಾದ ಭಾಗ ಮಾತ್ರ ಬಿಸಿಲಿಗೆ ಬರುವ ಹಾಗೆ ಒಣಗಿಸಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಬಟ್ಟೆಯ ಬಣ್ಣವೂ ಜಾಸ್ತಿ ಬಿಸಿಲಿಗೆ ಮಾಸುತ್ತದೆ, ಹಾಗಾಗಿ ಕಲೆ ಹೋದ ಮೇಲೆ ಎತ್ತಿಬಿಡಿ. ಇನ್ನು ಕುಕ್ಕರ್, ಒಲೆಯಿಂದ ಇಳಿಸಿದ ಬಾಣಲೆ ಇದರ ಮೇಲೆ ನೇರ ಇಡಬೇಡಿ. ಒಳಗೆ ಕಾಟನ್ ಇದ್ದರೂ ಅಷ್ಟು ಬಿಸಿ ಮೇಜಿಗೆ ಇಳಿಯುತ್ತದೆ, ಪಾಲಿಶ್ ಹಾಳಾಗುತ್ತದೆ. ಪಾತ್ರೆಯ ಕೆಳಗೆ ಮರದ ಮಣೆಯೋ ಸ್ಟ್ಯಾಂಡೋ ಇರಲಿ.

ಪ್ಯಾಕಿನಲ್ಲಿ ಮಿಕ್ಕ ಮೂರು ಚೌಕಗಳನ್ನು ಎಸೆಯಬೇಡಿ. ರನ್ನರ್ ಒಗೆಯುವಾಗಲೆಲ್ಲ ಅವನ್ನೂ ಜೊತೆಗೆ ನೀರಿಗೆ ಹಾಕಿ. ಮುಂದೆಂದಾದರೂ ಒಂದು ಚೌಕ ಹರಿದರೆ ತೇಪೆಗೆ ಅದೇ ಬಣ್ಣಕ್ಕೆ ಮಾಸಿದ ಬಟ್ಟೆ ಬೇಕಾಗುತ್ತದೆ.